ಮಗಳಿಗೊಂದು ಪತ್ರ: ನಾಯಿ ಏನಾದರೂ ನುಂಗಿಬಿಟ್ಟರೆ

ಪ್ರೀತಿಯ ಪುಟ್ಟಿ,

"ಅಪ್ಪಾ, ಭೀಮ ಕಾಲುಚೀಲ ನುಂಗಿದಾನೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸ್ಲಾ?" ಅಂತ ಕೇಳಿದೆಯಲ್ಲ, ಆಗ ಬೇಡ ಅಂದಿದ್ದೆ. ಯಾಕೆ ಅಂತ ಹೇಳಲು ಸಮಯವಿರಲಿಲ್ಲ. ನೀನು ಕೂಡಲೇ ಡಾಕ್ಟರ ಹತ್ತಿರ ಕರೆದೊಯ್ದೆ, ಅವರು ಇಂಜೆಕ್ಷನ್ ಕೊಟ್ಟು ಕಕ್ಕಿಸಿದರು. ಆದರೆ ಸಿದ್ದಾಪುರದ ಕಡೆ ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆಗ ನನ್ನನ್ನು ಕೇಳೋಕಾಗಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಉಪ್ಪು ಜಾಸ್ತಿಯಾದರೆ ಅದು ರಕ್ತಕ್ಕೆ ಸೇರಿ ಮಿದುಳಿಗೆ ಪೆಟ್ಟು. ಫಿಟ್ಸ್ ಬರುತ್ತೆ, ಪ್ರಾಣವೂ ಹೋಗಬಹುದು. ನುಂಗಿದ್ದು ಚೂಪಾಗಿದ್ದರೆ ಮೇಲೆ ಬರುವಾಗ ಗಂಟಲು, ಅನ್ನನಾಳ ಸೀಳುತ್ತೆ. ವಾಂತಿ ಮಾಡಿಸಬೇಕೋ ಬೇಡವೋ ಅಂತ ಡಾಕ್ಟರೇ ಹೇಳಬೇಕು. ಅದೂ ವಸ್ತು ಹೊಟ್ಟೆಯಲ್ಲೇ ಇರುವಾಗ, ಸುಮಾರು ಎರಡು ಗಂಟೆಯೊಳಗೆ ಆದರೆ ಒಳ್ಳೆಯದು. ಕರುಳಿಗೆ ಇಳಿದ ಮೇಲೆ ಕಕ್ಕಿಸಿ ಪ್ರಯೋಜನವಿಲ್ಲ.

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ದಾರ. ಕಾಫಿ ಚೀಲ ಹೊಲಿಯುವ ಹುರಿ ನಿಮ್ಮ ಜಗಲಿಯಲ್ಲಿ ಸುಮ್ನೆ ಬಿದ್ದಿರುತ್ತೆ, ಅಲ್ವಾ? ಅದರ ಒಂದು ತುದಿ ನಾಲಗೆಯಡಿಯಲ್ಲೋ ಜಠರದ ಬಾಯಲ್ಲೋ ಸಿಕ್ಕಿಕೊಂಡರೆ ಉಳಿದದ್ದು ಕರುಳಿನೊಳಗೆ ಇಳಿಯುತ್ತಾ ಹೋಗುತ್ತೆ. ಲಂಗದ ಲಾಡಿ ಎಳೆದಾಗ ಬಟ್ಟೆ ನೆರಿಗೆ ಕಟ್ಟುತ್ತಲ್ಲ, ಹಾಗೆ ಕರುಳು ಮುದುಡುತ್ತೆ. ಕೊನೆಗೆ ದಾರವೇ ಕರುಳನ್ನು ಕೊಯ್ಯುತ್ತೆ. ಬಾಯಿಂದಾಗಲಿ ಹಿಂದಿನಿಂದಾಗಲಿ ದಾರ ನೇತಾಡುತ್ತಿದ್ದರೆ ಎಳೆಯಲೇಬೇಡ. ಹಾಗೇ ಬಿಟ್ಟು ಹೊರಡು. ದಬ್ಬಳವೂ ಜೊತೆಗೆ ಹೋಗಿದ್ದರಂತೂ ಒಂದು ನಿಮಿಷ ಕಾಯಬಾರದು.

ರಿಮೋಟಿನ ಗುಂಡು ಬ್ಯಾಟರಿಯೂ ಅಷ್ಟೇ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಗಂಟೆಗಳಲ್ಲೇ ಸುಟ್ಟುಬಿಡುತ್ತೆ. ಪಂದಿಕರಿಯ ಬೆಂದ ಮೂಳೆ ಸಿಬಿರಾಗಿ ಒಡೆಯುತ್ತೆ, ತಟ್ಟೆ ತೊಳೆಯುವ ಮುಂಚೆ ಮೂಳೆಯನ್ನು ಮುಚ್ಚಿದ ಬಕೆಟಿಗೆ ಹಾಕು. ಕಾಡುಮಾವಿನ ಓಟೆಯನ್ನೂ ಅದಕ್ಕೇ ಹಾಕು. ಸಣ್ಣ ನಾಯಿಯ ಕರುಳಿಗೆ ಅದು ಬಿರಡೆ.

ನುಂಗಿದ್ದನ್ನು ನೀನು ನೋಡದೇ ಇರಬಹುದು. ಪದೇ ಪದೇ ವಾಂತಿ, ಊಟ ಬೇಡ ಅನ್ನುವುದು, ಜೊಲ್ಲು, ಮಲ ಕಟ್ಟುವುದು, ಹೊಟ್ಟೆ ಮುಟ್ಟಿದರೆ ಗುರ್ ಅನ್ನುವುದು. ಮುಂಗಾಲು ಚಾಚಿ ಎದೆ ನೆಲಕ್ಕೆ ತಾಗಿಸಿ ಹಿಂಭಾಗ ಮೇಲೆತ್ತಿ ನಿಂತರೆ ಹೊಟ್ಟೆನೋವು ಅಂತ ಅನುಮಾನಪಡು. ಇದರಲ್ಲಿ ಯಾವುದು ಕಂಡರೂ ನಾಳೆ ನೋಡೋಣ ಅನ್ನಬೇಡ. ಉಸಿರೇ ಕಟ್ಟುತ್ತಿದ್ದರೆ ಬಾಯಿ ತೆರೆದು ನೋಡು, ಕಣ್ಣಿಗೆ ಕಂಡದ್ದನ್ನು ಮಾತ್ರ ತೆಗೆ. ಕುರುಡಾಗಿ ಬೆರಳು ಹಾಕಿದರೆ ಇನ್ನೂ ಒಳಕ್ಕೆ ಹೋಗುತ್ತೆ.

ಹೊರಡುವಾಗ ಅನ್ನ, ಹಾಲು ಏನೂ ಕೊಡಬೇಡ, ಅರಿವಳಿಕೆ ಕೊಡಬೇಕಾಗಬಹುದು. ನುಂಗಿದ್ದರ ಜೋಡಿಯನ್ನೋ ಉಳಿದ ಚೂರನ್ನೋ ಜೊತೆಗೆ ಒಯ್ಯಿ. ಎಕ್ಸ್‌ರೇಯಲ್ಲಿ ಲೋಹ, ಮೂಳೆ ಕಾಣುತ್ತೆ, ಬಟ್ಟೆ ಪ್ಲಾಸ್ಟಿಕ್ ಸಾಮಾನ್ಯವಾಗಿ ಕಾಣಲ್ಲ. ಚೂರು ನೋಡಿದರೆ ಡಾಕ್ಟರಿಗೆ ಏನು ಹುಡುಕಬೇಕು ಅಂತ ಗೊತ್ತಾಗುತ್ತೆ.

ಈ ವಾರವೇ ಒಂದು ಕೆಲಸ ಮಾಡು. ಹತ್ತಿರದ ಪಶು ಆಸ್ಪತ್ರೆಯಲ್ಲಿ ರಾತ್ರಿ ಯಾರು ಸಿಗುತ್ತಾರೆ, ಎಕ್ಸ್‌ರೇ ಎಲ್ಲಿದೆ, ಆಪರೇಷನ್ ಬೇಕಾದರೆ ಮೈಸೂರಿನಲ್ಲಿ ಎಲ್ಲಿಗೆ ಹೋಗಬೇಕು ಅಂತ ಕೇಳಿಕೋ. ಜೀಪಿನವನ ನಂಬರಿನ ಜೊತೆ ಗೋಡೆ ಮೇಲೆ ಬರೆದಿಡು.

ಭಾನುವಾರ ಬರುತ್ತೇನೆ. ಹುರಿ, ದಬ್ಬಳ ಇಡೋಕೆ ಬಿಗಿ ಮುಚ್ಚಳದ ಡಬ್ಬಿ ತರುತ್ತೇನೆ.

ನಿನ್ನ ಅಪ್ಪ