ಸೀಲಿಂಗ್ ಇಳಿಸಿ, ಹೂಬಳ್ಳಿ ಉಳಿಸಿ: ಲೋಕೋಪಯೋಗಿ ಸಚಿವರಿಗೆ ಗಾರೆ ಮೇಸ್ತ್ರಿಯ ಬಹಿರಂಗ ಪತ್ರ

ಮಾನ್ಯ ಲೋಕೋಪಯೋಗಿ ಸಚಿವರೇ,

ನಮಸ್ಕಾರ. ನಾನು ಮೈಸೂರಿನ ಗಾರೆ ಮೇಸ್ತ್ರಿ. ನಮ್ಮ ತಾತ, ಅಪ್ಪ ಇದೇ ಕೆಲಸ ಮಾಡಿ ಬದುಕಿದವರು. ಹಳೆಯ ಸರ್ಕಾರಿ ಕಟ್ಟಡಗಳ ಸೀಲಿಂಗ್ ಬಗ್ಗೆ ತಮ್ಮಲ್ಲಿ ಒಂದು ಕೋರಿಕೆ ಇದೆ.

ಕಳೆದ ವರ್ಷ ಇಲ್ಲಿನ ಒಂದು ಹಳೆಯ ಕಚೇರಿಯಲ್ಲಿ ರಾತ್ರಿ ಹೊತ್ತು ಗಾರೆಯ ಚಕ್ಕೆ ಕಳಚಿ ಮೇಜಿನ ಮೇಲೆ ಬಿತ್ತು. ಪುಣ್ಯಕ್ಕೆ ಯಾರೂ ಇರಲಿಲ್ಲ. ಎರಡೇ ದಿನದಲ್ಲಿ ಹಾರೆ ಹಾಕಿ ಇಡೀ ಸೀಲಿಂಗ್ ಕೆಡವಿದರು. ಗೋಡೆಯಂಚಿನಲ್ಲಿ ಗಾರೆಯಲ್ಲೇ ಮೂಡಿಸಿದ್ದ ಹೂಬಳ್ಳಿ, ದೀಪದ ಕೊಂಡಿಯ ಸುತ್ತ ಅರಳಿದ್ದ ದೊಡ್ಡ ಹೂವು, ಎಲ್ಲವೂ ಟ್ರ್ಯಾಕ್ಟರ್ ತುಂಬಿ ಹೋದವು. ಈಗ ಅಲ್ಲಿ ಚೌಕ ಚೌಕದ ಬಿಳಿ ಹಲಗೆಗಳಿವೆ.

ಅಧಿಕಾರಿಗಳ ಭಯ ನನಗೆ ಅರ್ಥವಾಗುತ್ತದೆ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತದ್ದನ್ನು ಈ ಊರು ಮರೆತಿಲ್ಲ. 2016ರಲ್ಲಿ ದೇವರಾಜ ಮಾರುಕಟ್ಟೆಯ, 2022ರಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಒಂದೊಂದು ಭಾಗ ಕುಸಿದದ್ದನ್ನೂ ನೋಡಿದ್ದೇವೆ. ಜೋತುಬಿದ್ದ ಸೀಲಿಂಗ್ ಇಳಿಸಲೇಬೇಕು. ಅದರ ಜೊತೆ ಹೂಬಳ್ಳಿಯೂ ಹೋಗಬೇಕಿಲ್ಲ.

ಇಂಥ ಸೀಲಿಂಗಿನಲ್ಲಿ ನಡುವಿನ ಬಯಲೇ ಬೇರೆ, ಅಂಚಿನ ಕಾರ್ನಿಸೇ ಬೇರೆ. ಕಾರ್ನಿಸ್ ಅಂದರೆ ಗೋಡೆಯೂ ಸೀಲಿಂಗೂ ಸೇರುವಲ್ಲಿ ಓಡುವ ಗಾರೆಯ ಅಲಂಕಾರದ ಪಟ್ಟಿ; ಹೂಬಳ್ಳಿ ಇರುವುದು ಅದರಲ್ಲೇ. ಬಯಲಿನ ಗಾರೆಯನ್ನು ಮರದ ರೀಪುಗಳ ಸಂದಿಯಲ್ಲಿ ಮೇಲಕ್ಕೆ ಒತ್ತಿರುತ್ತಾರೆ. ಅದು ಆಚೆ ಬದಿಯಲ್ಲಿ ಉಂಡೆಗಟ್ಟಿ ಕಚ್ಚಿಕೊಂಡಿರುತ್ತದೆ. ತಾರಸಿ ಸೋರಿ ಸೋರಿ ಆ ಕಚ್ಚು ಮುರಿಯುತ್ತದೆ, ರೀಪಿನ ಮೊಳೆಯನ್ನು ತುಕ್ಕು ತಿನ್ನುತ್ತದೆ, ಬಯಲು ಜೋಲುತ್ತದೆ. ಕಾರ್ನಿಸಿಗೆ ಗೋಡೆಯ ಹಿಡಿತವೂ ಇರುವುದರಿಂದ ಎಷ್ಟೋ ಕಡೆ ಅದು ಗಟ್ಟಿಯಾಗೇ ಉಳಿದಿರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಸಾಕು, ಟೊಳ್ಳು ಯಾವುದು ಗಟ್ಟಿ ಯಾವುದು ಕಿವಿಗೇ ತಿಳಿಯುತ್ತದೆ.

ಕೆಲಸದ ಕ್ರಮ ಹೀಗೆ. ಮೊದಲು ತಾರಸಿಯ ಸೋರಿಕೆ ನಿಲ್ಲಿಸಬೇಕು, ಇಲ್ಲದಿದ್ದರೆ ಕೆಳಗೆ ಮಾಡಿದ್ದೆಲ್ಲ ದಂಡ. ಆಮೇಲೆ ಕಾರ್ನಿಸಿನ ಕೆಳಗೆ ಮೆತ್ತೆ ಹಾಕಿದ ಹಲಗೆ ಕೊಟ್ಟು ಆಸರೆ ಕಂಬ ನಿಲ್ಲಿಸಬೇಕು. ಬಯಲಿಗೂ ಕಾರ್ನಿಸಿಗೂ ನಡುವೆ ತೆಳು ಬ್ಲೇಡಿನಿಂದ ಗೆರೆ ಕೊಯ್ಯಬೇಕು. ಗೆರೆ ಕೊಯ್ಯದೆ ಹಾರೆ ಹಾಕಿದರೆ, ಬೀಳುವ ಬಯಲು ಕಾರ್ನಿಸನ್ನೂ ಎಳೆದುಕೊಂಡೇ ಬರುತ್ತದೆ. ಆ ಕಚೇರಿಯಲ್ಲಿ ಆದದ್ದು ಇದೇ. ಕಾರ್ನಿಸ್ ಒಡೆದ ಕಡೆ ಅದರ ಅಂಚಿನ ಆಕಾರಕ್ಕೆ ತಗಡು ಕತ್ತರಿಸಿ, ಹಸಿ ಗಾರೆಯ ಮೇಲೆ ಎಳೆದರೆ ಅದೇ ಏರಿಳಿತ ಮೂಡುತ್ತದೆ. ಹೂವು, ಎಲೆಗಳಿಗೆ ರಬ್ಬರ್ ಅಚ್ಚು ಬೇಕು. ಅಚ್ಚು ತೆಗೆಯುವ ಮುನ್ನ ತಲೆಮಾರುಗಳ ಬಣ್ಣದ ಪದರ ಕೆರೆಯಬೇಕು. ಮೊಂಡು ದಿಮ್ಮಿಯಂತೆ ಕಾಣುತ್ತಿದ್ದುದರೊಳಗೆ ಎಲೆಯ ನರ ಕಾಣಿಸಿಕೊಂಡಾಗ ನನಗೆ ಇವತ್ತಿಗೂ ಮೈ ಜುಂ ಎನ್ನುತ್ತದೆ. ಸುಣ್ಣದ ಗಾರೆಗೆ ಸಿಮೆಂಟಿನ ತೇಪೆ ಮಾತ್ರ ಬೇಡ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ತಡೆದು ಹಿಡಿಯುತ್ತದೆ, ಪಕ್ಕದ ಹಳೆ ಗಾರೆ ಉದುರುತ್ತದೆ.

ಆ ಕಚೇರಿಯ ಕೆಲಸಗಾರರನ್ನು ನಾನು ದೂರುವುದಿಲ್ಲ. ಅವರ ಕೈಗೆ ಕೊಟ್ಟ ಪಟ್ಟಿಯಲ್ಲಿ ಇದ್ದದ್ದು ‘ಸೀಲಿಂಗ್ ತೆಗೆಯುವುದು, ಇಷ್ಟು ಚದರ ಮೀಟರ್’ ಎಂಬ ಒಂದೇ ಸಾಲು. ಚದರ ಮೀಟರ್ ಲೆಕ್ಕದಲ್ಲಿ ಹೂಬಳ್ಳಿಯೂ ಕಸವೇ. ನನ್ನ ಕೋರಿಕೆ ಇಷ್ಟು: ಹಳೆಯ ಕಟ್ಟಡಗಳ ಅಂದಾಜುಪಟ್ಟಿಯಲ್ಲಿ ಕಾರ್ನಿಸನ್ನು ಉದ್ದದ ಮೀಟರ್‌ನಲ್ಲಿ, ಹೂವುಗಳನ್ನು ಎಣಿಕೆಯಲ್ಲಿ ಬೇರೆಯಾಗಿ ಬರೆಸಿ. ಉಳಿಸುವುದಕ್ಕೆ, ಅಚ್ಚು ತೆಗೆಯುವುದಕ್ಕೆ, ಮತ್ತೆ ಕೂರಿಸುವುದಕ್ಕೆ ಪ್ರತ್ಯೇಕ ದರ ಕೊಡಿ. ಕೆಡವುವ ಮೊದಲು ಅಳತೆ, ಫೋಟೋ ಕಡ್ಡಾಯ ಮಾಡಿ. ಕೂಲಿ ಸಿಕ್ಕರೆ ಈ ಕೆಲಸ ಕಲಿಯಲು ಹುಡುಗರು ಬರುತ್ತಾರೆ; ಕಲಿಸಲು ನಮ್ಮಂಥವರು ಇನ್ನೂ ಇದ್ದೇವೆ.

ಟ್ರ್ಯಾಕ್ಟರಿನಿಂದ ಹೂಬಳ್ಳಿಯ ಎರಡು ತುಂಡು ಕೇಳಿ ಮನೆಗೆ ತಂದಿದ್ದೇನೆ. ಒಂದರ ಬೆನ್ನಲ್ಲಿ, ಅಚ್ಚಿಗೆ ಒತ್ತಿದವನ ಹೆಬ್ಬೆರಳ ಗುರುತು ಹಾಗೇ ಇದೆ. ಆ ಕೋಣೆಗೆ ಮತ್ತೆ ಕಾರ್ನಿಸ್ ಮಾಡಿಸುವ ಮನಸ್ಸಾದರೆ ಹೇಳಿ ಕಳಿಸಿ. ಅಚ್ಚು ತೆಗೆಯಲು ಆ ಎರಡು ತುಂಡು ಸಾಕು.

ಇಂತಿ,
ಮೈಸೂರಿನ ಒಬ್ಬ ಗಾರೆ ಮೇಸ್ತ್ರಿ