4ಕೆ ಎಂದು ಫುಲ್ ಎಚ್‌ಡಿ ಟಿವಿ ಕೊಟ್ಟಿರುವ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: 43 ಇಂಚಿನ ಟಿವಿ ವಾಪಸ್ ಪಡೆದು ಪೂರ್ತಿ ಹಣ ಮರಳಿಸುವ ಕುರಿತು

ಮಾನ್ಯರೆ,

ದೂರಿನ ನಂಬರು, ಬಿಲ್ಲು, ಸೀರಿಯಲ್ ನಂಬರು ಎಲ್ಲವೂ ನಿಮ್ಮ ಕಂಪ್ಯೂಟರಿನಲ್ಲೇ ಇವೆ. ಫೋನ್ ಮಾಡಿದಾಗಲೆಲ್ಲ ನಿಮ್ಮವರು ಅವನ್ನು ನನಗೇ ಓದಿ ಹೇಳಿದ್ದಾರೆ. ವಾರಂಟಿ ಕಾರ್ಡಿನ ಬದಲಿ ಮತ್ತು ಹಣ ವಾಪಸಿನ ಕಲಮು ಬರೆದವರೂ ನೀವೇ, ಅದನ್ನು ನಾನು ನಿಮಗೆ ಕಲಿಸಬೇಕಿಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ನನ್ನ ಫೋಟೊ ಸ್ಟುಡಿಯೊ ಇದೆ. ಗಿರಾಕಿಗಳು ಮದುವೆ ಫೋಟೊಗಳನ್ನು ಹತ್ತಿರದಿಂದ ನೋಡಿ ಆಲ್ಬಮ್‌ಗೆ ಆರಿಸಿಕೊಳ್ಳಲಿ ಎಂದೇ ಈ ಟಿವಿ ಕೊಂಡದ್ದು. ಪೆಟ್ಟಿಗೆಯ ಮೇಲೆ ಅಂಗೈ ಅಗಲದ ಅಕ್ಷರದಲ್ಲಿ ‘4ಕೆ ಅಲ್ಟ್ರಾ ಎಚ್‌ಡಿ’ ಎಂದಿದೆ. ಅಂದರೆ ಅಡ್ಡ 3840, ಲಂಬ 2160, ಒಟ್ಟು ಸುಮಾರು 83 ಲಕ್ಷ ಪಿಕ್ಸೆಲ್, ಅಂದರೆ ಚಿತ್ರ ಮೂಡಿಸುವ ಚುಕ್ಕೆ, ಇರಬೇಕು. ಒಳಗಿರುವುದು 1920×1080ರ ಫುಲ್ ಎಚ್‌ಡಿ ಪ್ಯಾನಲ್, 21 ಲಕ್ಷವೂ ತುಂಬುವುದಿಲ್ಲ. ಒಂದು ಸೇರು ತೊಗರಿಬೇಳೆಗೆ ರೊಕ್ಕ ಇಸಿದುಕೊಂಡು ಒಂದು ಪಾವು ಅಳೆದುಕೊಟ್ಟ ಹಾಗೆ. ನಮ್ಮೂರ ಗಂಜ್ ಮಾರುಕಟ್ಟೆಯಲ್ಲಿ ಹಾಗೆ ಅಳೆದವನು ಮರುದಿನ ಅಂಗಡಿ ತೆಗೆಯುವುದಿಲ್ಲ.

ಈಗ ನಿಮ್ಮ ಟೆಕ್ನೀಷಿಯನ್ ಬಂದ ದಿನದ ಮಾತು. ಆಗ ಅಂಗಡಿಯಲ್ಲಿ ಜೇವರ್ಗಿ ಕಡೆಯ ಒಂದು ಕುಟುಂಬ ಕೂತಿತ್ತು, ಮಗಳ ಮದುವೆಯ ಆರ್ಡರ್ ಮಾತಾಡಲು ಬಂದವರು. ನಿಮ್ಮ ಟೆಕ್ನೀಷಿಯನ್ ಹುಡುಗ ರಿಮೋಟಿನ ಇನ್ಫೋ ಬಟನ್ ಒತ್ತಿದ. ಮೂಲೆಯಲ್ಲಿ 3840×2160 ಎಂದು ಬಂತು. “ನೋಡ್ರಿ ಕಾಕಾ, ಬರ್ದದ ಇಲ್ಲೋ?” “ಬರ್ದದಪಾ. ಅದು ನನ್ನ ಕಂಪ್ಯೂಟರಿನಿಂದ ಬರ್ಲಕತ್ತಿದ ಸಿಗ್ನಲ್ಲಿನ ಲೆಕ್ಕ, ನಿಮ್ಮ ಪ್ಯಾನಲ್ಲಿನ ಲೆಕ್ಕ ಅಲ್ಲ” ಎಂದೆ. ಒಂದೊಂದು ಪಿಕ್ಸೆಲ್ ಅಗಲದ ಕಪ್ಪು ಬಿಳಿ ಗೆರೆಗಳ ಚಿತ್ರವೊಂದನ್ನು ಮಾಡಿಟ್ಟುಕೊಂಡಿದ್ದೆ. ಎಚ್‌ಡಿಎಂಐ ಕೇಬಲ್‌ನಿಂದ ನೇರ ಹಾಕಿ ತೋರಿಸಿದೆ. ಅಸಲಿ 4ಕೆ ಪರದೆಯಲ್ಲಿ ಗೆರೆಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಇದರಲ್ಲಿ ಕಪ್ಪು ಬಿಳಿ ಕಲಸಿ ಇಡೀ ಪರದೆ ಬೂದಿ ಬಣ್ಣ.

“ಗೆರಿ ಎಲ್ಲಿ ಹೋದ್ವು?” ಎಂದು ಕೇಳಿದೆ.

“ಯಾವ ಗೆರಿ?”

“ಅದೇ ನಾನೂ ಕೇಳ್ಲಕತ್ತೀನಿ.”

ಅವನು ನನ್ನನ್ನು ಬಿಟ್ಟು ಗಿರಾಕಿಗಳ ಕಡೆ ತಿರುಗಿದ. “ವಯಸ್ಸಾದ ಮ್ಯಾಲ ಹಿಂಗ ಆಗ್ತದ್ರಿ. ಕಾಕಾ, ಒಮ್ಮೆ ಕಣ್ಣು ತೋರಿಸ್ಕೋರಿ” ಎಂದ. ಮಾತಾಡಿದ್ದು ನಿಮ್ಮ ಕಂಪನಿಯ ಅಂಗಿ ತೊಟ್ಟು. ಹುಡುಗಿಯ ಅಪ್ಪ ನಕ್ಕರು. ನಗು ಮುಗಿದ ಮೇಲೆ ಮೆಲ್ಲಗೆ ಕೇಳಿದರು: “ಮದುವಿ ಫೋಟೊ ನೀವೇ ತೆಗಿತೀರೇನ್ರಿ, ಬ್ಯಾರೆ ಹುಡುಗರು ಬರ್ತಾರೋ?” ಆರ್ಡರ್ ಬರಲಿಲ್ಲ. ನಿಮ್ಮವನು ಮಾತ್ರ ‘ದೋಷವಿಲ್ಲ, ಗ್ರಾಹಕರಿಗೆ ತಿಳಿಹೇಳಲಾಗಿದೆ’ ಎಂದು ಬರೆದು, ದೂರು ಮುಚ್ಚಲು ಒಟಿಪಿ ಕೇಳಿ, ಐದು ಸ್ಟಾರ್ ಕೊಡ್ರಿ ಎಂದೂ ಹೇಳಿದ. ತಿಳಿಹೇಳಿದ್ದು ಯಾರು ಯಾರಿಗೆ ಎಂಬುದನ್ನು ಇಲ್ಲಿ ಚರ್ಚಿಸುವುದಿಲ್ಲ.

ಕಣ್ಣು ನಂಬದವರಿಗಾಗಿ ಕ್ಯಾಮೆರಾ ಇದೆಯಲ್ಲ. ಪರದೆಗೆ ಅಳತೆಪಟ್ಟಿ ಒತ್ತಿ ಹಿಡಿದು ಮ್ಯಾಕ್ರೊ ಲೆನ್ಸಿನಲ್ಲಿ ಫೋಟೊ ತೆಗೆದಿದ್ದೇನೆ. 43 ಇಂಚಿನ ಪರದೆಯ ಅಗಲ ಸುಮಾರು 95 ಸೆಂಟಿಮೀಟರ್. 4ಕೆ ಆಗಿದ್ದರೆ ಒಂದು ಸೆಂಟಿಮೀಟರಿಗೆ 40 ಪಿಕ್ಸೆಲ್ ಸಿಗಬೇಕು. ಸಿಕ್ಕಿದ್ದು 20. ಒಂದೊಂದರ ಕೆಂಪು, ಹಸಿರು, ನೀಲಿ ಪಟ್ಟಿ ಬೇರೆಬೇರೆ ಕಾಣುತ್ತವೆ, ಎಣಿಸಲು ಬರುವ ಯಾರಿಂದಲಾದರೂ ಎಣಿಸಿಕೊಳ್ಳಿ.

ಆಮೇಲೆ ಫೋನಿನಲ್ಲಿ ಸಿಕ್ಕ ನಿಮ್ಮ ಮ್ಯಾನೇಜರ್ ಹೊಸದೊಂದು ಹೇಳಿದರು. ಹತ್ತು ಅಡಿ ದೂರದಿಂದ ನೋಡಿದರೆ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲವಂತೆ. 43 ಇಂಚಿಗೆ ಆ ಮಾತು ನಿಜವೇ. ಇದನ್ನು ಮಾರುವಾಗ ಏಕೆ ಹೇಳಲಿಲ್ಲ ಸ್ವಾಮಿ? ನನ್ನ ಗಿರಾಕಿಗಳು ಮೊಳದ ದೂರದಲ್ಲಿ ನಿಂತು ಸೀರೆಯ ಅಂಚು, ಮೂಗುತಿ ನೋಡುವವರು. ಇನ್ನು 4ಕೆ ವಿಡಿಯೊ ‘ಸಪೋರ್ಟ್’ ಮಾಡುತ್ತದೆ ಎಂಬ ನಿಮ್ಮ ವಾದ. ಸಿಗ್ನಲ್ ಒಳಗೆ ಬಿಟ್ಟುಕೊಂಡು ಕುಗ್ಗಿಸಿ ತೋರಿಸುವುದಕ್ಕೆ ಆ ಹೆಸರಿದ್ದರೆ ಅದನ್ನು ಪೆಟ್ಟಿಗೆಯ ಮೇಲೆ ಅಷ್ಟೇ ದೊಡ್ಡದಾಗಿ ಬರೆಯಿರಿ.

ಹದಿನೈದು ದಿನದೊಳಗೆ ಹಣ ಬರಬೇಕು. ಬದಲಿ ಟಿವಿ, ಕೂಪನ್, ವಾರಂಟಿ ವಿಸ್ತರಣೆ ಯಾವುದೂ ಬೇಡ. ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ ಕೇಸು ಹಾಕುತ್ತೇನೆ. ನಾನಿರುವ ಊರಲ್ಲೇ ಹಾಕಲು ಬರುತ್ತದೆ, ಈ ಮೊತ್ತಕ್ಕೆ ಶುಲ್ಕವೂ ಇಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದೆಂಬುದು ನಿಮ್ಮ ವಕೀಲರಿಗೆ ಗೊತ್ತಿರುತ್ತದೆ.

ಕೇಸು ನಡೆಯುವಷ್ಟು ದಿನ ಟಿವಿ ಸುಮ್ಮನೆ ಇರುವುದಿಲ್ಲ. ಬೀದಿಗೆ ಮುಖ ಮಾಡಿ ಇಟ್ಟು, ಪಕ್ಕದಲ್ಲಿ ನಿಮ್ಮ ಪೆಟ್ಟಿಗೆ ನಿಲ್ಲಿಸಿ, ದಾರದಲ್ಲೊಂದು ಭೂತಗನ್ನಡಿ ಕಟ್ಟುತ್ತೇನೆ. ಮದುವೆ ಸೀಸನ್ನಿನಲ್ಲಿ ಸೂಪರ್ ಮಾರ್ಕೆಟಿಗೆ ಬರುವವರಲ್ಲಿ ಅರ್ಧ ಜನ ಮಗಳಿಗೆ ಕೊಡಲು ಟಿವಿ ಹುಡುಕುತ್ತಿರುತ್ತಾರೆ. ಕರೆಂಟ್ ಬಿಲ್ ನನ್ನದೇ ಇರಲಿ.

ಇತಿ,
ಫೋಟೊ ಸ್ಟುಡಿಯೊ ಮಾಲೀಕ
ಸೂಪರ್ ಮಾರ್ಕೆಟ್, ಕಲಬುರಗಿ