ಟ್ರೇಲರ್‌ಗೆ ಇನ್ನು ರೆಡ್ ಆಕ್ಸೈಡ್ ಹೊಡೆಯುವುದಿಲ್ಲ

ಗ್ರಾಹಕ ಬಾಂಧವರಿಗೆ ಶರಣು ಶರಣಾರ್ಥಿ.

ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ವರ್ಕ್‌ಶಾಪಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ, ಗೋದಾಮಿನ ಉಕ್ಕಿನ ಕಂಬಗಳಿಗೆ ರೆಡ್ ಆಕ್ಸೈಡ್, ಅಂದರೆ ಜಂಗು ತಡೆಯುವ ಕೆಂಪು ಬಣ್ಣ, ಬಳಿಯುವುದನ್ನು ನಿಲ್ಲಿಸಿದ್ದೇವೆ. ಇನ್ನು ಮುಂದೆ ನ್ಯಾನೋ ಜೇಡಿ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಜೇಡಿಮಣ್ಣಿನ ಕಣ, ಬೆರೆತ ಎಪಾಕ್ಸಿ (ಒಣಗಿ ಗಟ್ಟಿಯಾಗುವ ರಾಳ) ಲೇಪನ. ದರ ಏರುತ್ತದೆ, ಕೆಲಸಕ್ಕೆ ದಿನಗಳೂ ಹೆಚ್ಚು ಹಿಡಿಯುತ್ತವೆ. ಕೆಲಸ ಆದಮೇಲೆ ಜಗಳ ಬೇಡ ಅಂತ ಮೊದಲೇ ಹೇಳುತ್ತಿದ್ದೇವೆ.

ಪೊಟ್ಯಾಷ್ ಗೊಬ್ಬರ ಹೇರಿದ ಟ್ರೇಲರ್‌ಗಳ ತಳ ಎರಡೇ ಮಳೆಗಾಲಕ್ಕೆ ಜರಡಿಯಾಗಿ ನಮ್ಮ ಬಾಗಿಲಿಗೆ ವಾಪಸ್ ಬರುತ್ತಿದ್ದವು. ಆ ಗೊಬ್ಬರ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ತೇವ ಸಿಕ್ಕರೆ ಜಂಗು ಓಡುತ್ತದೆ. ಬಣ್ಣ ಎಷ್ಟೇ ಗಟ್ಟಿ ಕಂಡರೂ ನೀರು, ಗಾಳಿ ಮೆಲ್ಲಗೆ ಒಳಗಿಳಿಯುತ್ತವೆ.

ಹೊಸ ಲೇಪನದಲ್ಲಿ ಜೇಡಿಯ ಸಣ್ಣ ಹಾಳೆಗಳಿವೆ. ಒಂದರ ದಪ್ಪ ಸುಮಾರು 1 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ 10 ಲಕ್ಷದಲ್ಲೊಂದು ಪಾಲು. ಅಗಲ ಅದರ ನೂರಾರು ಪಟ್ಟು. ಕಡಕ್ ರೊಟ್ಟಿ ಅಡ್ಡಡ್ಡ ಹರವಿದ ಹಾಗೆ. ನೀರು ಕಬ್ಬಿಣ ಮುಟ್ಟಬೇಕಾದರೆ ಒಂದೊಂದನ್ನೂ ಸುತ್ತಿ ಬಳಸಿ ಹೋಗಬೇಕು. ತೂಕದಲ್ಲಿ ನೂರಕ್ಕೆ ಎರಡು ಮೂರು ಪಾಲು ಜೇಡಿ ಸಾಕು. ಹೆಚ್ಚಾದರೆ ಹಿಟ್ಟಿನಂತೆ ಗಂಟು ಕಟ್ಟಿ, ಆ ಗಂಟಿನ ಸಂದಿಯಿಂದಲೇ ನೀರು ಇಳಿಯುತ್ತದೆ. ಅದಕ್ಕೇ ಪುಡಿ ತಂದು ಇಲ್ಲಿ ಕಲಸುವುದಿಲ್ಲ, ಕಾರ್ಖಾನೆಯಲ್ಲೇ ಬೆರೆಸಿದ ಡಬ್ಬಿ ತರಿಸುತ್ತೇವೆ.

ಹಾಗಂತ ಜಂಗಿನ ಮೇಲೆ ಯಾವ ನ್ಯಾನೋನೂ ನಿಲ್ಲುವುದಿಲ್ಲ. ಬ್ಲಾಸ್ಟಿಂಗ್ ಮಾಡಿ, ಅಂದರೆ ಗಾಳಿಯ ಒತ್ತಡದಲ್ಲಿ ಗರಸು ಪುಡಿ ಹೊಡೆದು, ಜಂಗು ಪೂರ್ತಿ ತೆಗೆದ ಮೇಲೇ ಲೇಪನ. ಜಿಟಿಜಿಟಿ ಮಳೆ ಹಿಡಿದರೆ ಕೆಲಸ ನಿಲ್ಲಿಸುತ್ತೇವೆ. ಲೇಪನ ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ವಾರ ಬೇಕು. ಎಪಾಕ್ಸಿ ಬಿಸಿಲಿಗೆ ಸುಣ್ಣದಂತೆ ಪುಡಿಯೇಳುವುದರಿಂದ ಮೇಲೊಂದು ಬಿಸಿಲು ತಡೆಯುವ ಪಾಲಿಯುರೆಥೇನ್ ಬಣ್ಣದ ಕೋಟು.

ಹತ್ತಿ ಜಿನ್ನಿಂಗ್ ಮಿಲ್ಲಿನವರು ದಯವಿಟ್ಟು ಗಮನಿಸಿ: ಬೆಂಕಿಗೆ ಇದು ಸಾಲದು. ಉಕ್ಕು ಉರಿಯುವುದಿಲ್ಲ, ಆದರೆ 550 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿದು ಕಂಬ ಬಾಗುತ್ತದೆ. ಬೆಂಕಿ ತಡೆಯಲು ಬೇರೆಯದೇ ಲೇಪನದ ಡಬ್ಬಿ ಬೇಕು. ಬಿಸಿ ತಾಗಿದರೆ ಚುರುಮುರಿಯಂತೆ ಉಬ್ಬಿ ಇದ್ದಿಲಿನ ಹೊದಿಕೆಯಾಗುತ್ತದೆ. ಅದರಲ್ಲೂ ಜೇಡಿ ಇದ್ದರೆ ಹೊದಿಕೆ ಉದುರದೆ ನಿಲ್ಲುತ್ತದೆ. ಬೆಂಕಿ ಆರಿಸುವುದಿಲ್ಲ, ಒಳಗಿನವರು ಹೊರಬರಲು ಹೊತ್ತು ಕೊಡುತ್ತದೆ. ಎಷ್ಟು ಹೊತ್ತು ಎಂಬುದು ಲೇಪನದ ದಪ್ಪ, ಕಂಬದ ಗಾತ್ರದ ಮೇಲೆ. ಡಬ್ಬಿಯ ಪರೀಕ್ಷಾ ಪತ್ರ ಕೇಳಿ ನೋಡಿ.

ಮುಂಗಡ ಕೊಟ್ಟವರಿಗೆ ಹಳೆ ದರವೇ. ಟ್ರೇಲರ್ ತರುವ ಮೊದಲು ಗೊಬ್ಬರ ತೊಳೆದು, ವೆಲ್ಡಿಂಗ್ ಇದ್ದರೆ ಮುಗಿಸಿಕೊಂಡು ಬನ್ನಿ. ಲೇಪನ ಆದಮೇಲೆ ತೂತು ಕೊರೆದರೆ ಜಂಗು ಅಲ್ಲಿಂದಲೇ ಶುರು, ಅದಕ್ಕೆ ನಾವು ಹೊಣೆಯಲ್ಲ.

ನಿಮ್ಮ ವಿಶ್ವಾಸಿ,
ವರ್ಕ್‌ಶಾಪಿನ ಮಾಲೀಕ